ಆರೂವರೆಯ ತುತ್ತು

ಸಮಯವಿಲ್ಲ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಇದನ್ನು ಮುಖಕ್ಕೆ ಹೊಡೆದಂತೆ ಹೇಳಿ ಕೆಲವು ನೆಂಟರನ್ನು ದೂರ ಮಾಡಿಕೊಂಡಿದ್ದೇನೆ, ಅದಕ್ಕೇನೂ ಬೇಜಾರಿಲ್ಲ. ವಿಮಾ ಕಚೇರಿಯಲ್ಲಿ ಇದ್ದಷ್ಟು ವರ್ಷವೂ ಸಂಜೆ ಐದೂವರೆಗೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಡುತ್ತಿದ್ದೆ, ಎದುರಿಗೆ ಮ್ಯಾನೇಜರು ಮಾತಿನ ನಡುವೆ ಇದ್ದರೂ ಸರಿಯೇ. ಈಗ ದೊಮ್ಮಲೂರಿನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ ಎಂದು ಬಿಡುತ್ತೇನೆ. ಸೊಕ್ಕು ಎನ್ನುತ್ತಾರೆ. ಇರಬಹುದು. ಆದರೆ ಈ ಸೊಕ್ಕನ್ನು ನನಗೆ ಕಲಿಸಿದ್ದು ಕಲಾಯಿ ಹಾಕಿದ ಒಂದು ಹಿತ್ತಾಳೆ ಬೋಗುಣಿ ಮತ್ತು ಅದರ ಹಿಂದೆ ಕೂತಿರುತ್ತಿದ್ದ ನನ್ನ ಅಮ್ಮ.

ನಾವಿದ್ದದ್ದು ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕಾಲೊನಿಯಲ್ಲಿ. ಎರಡು ಕೋಣೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಡುಗೆಮನೆ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಒಂದು ಕರಿಬೇವಿನ ಗಿಡ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ಅಪ್ಪನ ತಂಗಿ ಲೀಲತ್ತೆ, ನಾನು, ನನಗಿಂತ ಬಹಳ ಚಿಕ್ಕವನಾದ ತಮ್ಮ ಸುರಿ. ಇಷ್ಟು ಜನ ಅಷ್ಟು ಚಿಕ್ಕ ಮನೆಯಲ್ಲಿದ್ದರೆ ದಿನವಿಡೀ ಒಬ್ಬರನ್ನೊಬ್ಬರು ತುಳಿದುಕೊಂಡು ಓಡಾಡಬೇಕು. ನಮ್ಮಲ್ಲಿ ಹಾಗಿರಲಿಲ್ಲ. ಅಪ್ಪನಿಗೆ ಕಾರ್ಖಾನೆಯ ಶಿಫ್ಟು ವಾರವಾರವೂ ಬದಲಾಗುತ್ತಿತ್ತು. ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಲೀಲತ್ತೆಯ ಡ್ಯೂಟಿಯೂ ಹಾಗೇ. ಒಬ್ಬರು ಚಾಪೆ ಸುತ್ತುವಾಗ ಇನ್ನೊಬ್ಬರು ಬಿಡಿಸುತ್ತಿದ್ದರು. ಸಾರಿನ ಪಾತ್ರೆ ಒಲೆಯಿಂದ ಇಳಿಯುತ್ತಲೇ ಇರಲಿಲ್ಲ, ಯಾರಿಗೋ ಒಬ್ಬರಿಗೆ ಊಟದ ಹೊತ್ತು ಆಗಿರುತ್ತಿತ್ತು. ಹಗಲೆಲ್ಲ ಒಳಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಅದರ ಹಿಂದೆ ಅಪ್ಪನೋ ಅತ್ತೆಯೋ ಮಲಗಿರುತ್ತಿದ್ದರು. ಪಿಸುಮಾತಿನಲ್ಲಿ ಆಟವಾಡುವುದನ್ನು, ಪಿಸುಮಾತಿನಲ್ಲೇ ಜಗಳವಾಡುವುದನ್ನು ನಾನು ಅಲ್ಲಿ ಕಲಿತೆ. ಈಗಿನ ನನ್ನ ಗಟ್ಟಿ ಗಂಟಲು ಅದರ ಬಡ್ಡಿ.

ಸುರಿಗೆ ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಅವರೆಕಾಯಿಯ ಕಾಲ, ಚಳಿ. ಅಪ್ಪನ ಸೆಕ್ಷನ್ನಿನಲ್ಲಿ ಜನ ಸಾಲದೆ ಬಹಳ ದಿನಗಳಿಂದ ಅವನು ಎರಡೆರಡು ಶಿಫ್ಟು ಒಟ್ಟಿಗೆ ಮಾಡುತ್ತಿದ್ದ. ಬಂದವನೇ ಮಲಗುತ್ತಿದ್ದ, ಎದ್ದವನೇ ಹೊರಡುತ್ತಿದ್ದ. ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು, ನಾನು ಹೋಗಿ ಚಿಲಕ ತೆಗೆದೆ. ತಲೆಗೆ ಮಂಕಿ ಕ್ಯಾಪು, ವಾರದ ಗಡ್ಡ, ಕೈಯಲ್ಲಿ ಟಿಫಿನ್ ಕ್ಯಾರಿಯರು ಹಿಡಿದು ಅಪ್ಪ ನಿಂತಿದ್ದ. ನನ್ನ ಹಿಂದಿನಿಂದ ಇಣುಕಿದ ಸುರಿ ಒಳಗೆ ಓಡಿ ಕೂಗಿದ:

“ಅಮ್ಮಾ, ಯಾರೋ ಮಾಮ ಬಂದವ್ರೆ!”

ಅಪ್ಪ ನಕ್ಕ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲೀಲತ್ತೆಯಂತೂ ಅದನ್ನು ನಾಳೆ ವಾರ್ಡಿನಲ್ಲಿ ಹೇಳಬೇಕು ಎಂದಳು. ಅಮ್ಮ ಮಾತ್ರ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು, ತನ್ನ ಮಂಡಿಯ ಹಿಂದೆ ಅವಿತುಕೊಂಡ ಮಗನನ್ನೂ ಬಾಗಿಲಲ್ಲೇ ನಿಂತ ಗಂಡನನ್ನೂ ನೋಡಿದಳು.

“ನಾಳೆಯಿಂದ ಈ ಮನೇಲಿ ದಿನಕ್ಕೊಂದ್ಸಲ ಎಲ್ರೂ ಒಟ್ಟಿಗೆ ಊಟಕ್ಕೆ ಕೂತ್ಕೋಬೇಕು,” ಎಂದಳು.

“ಎಷ್ಟೊತ್ತಿಗೆ ಅಂತ ಕೂತ್ಕೊಳ್ಳೋದೇ? ನನ್ನ ಶಿಫ್ಟೇ ನನಗೆ ನೆನಪಿರಲ್ಲ,” ಎಂದ ಅಪ್ಪ.

“ಎಲ್ರೂ ಇರೋ ಹೊತ್ತಿಗೆ. ಅದು ಯಾವ ಹೊತ್ತಾದ್ರೂ ಸರಿ ರೀ.”

ಅಂದಿನಿಂದ ನಮ್ಮ ಮನೆಯ ಮುಖ್ಯ ಊಟಕ್ಕೆ ಹೊತ್ತುಗೊತ್ತು ಇಲ್ಲದಾಯಿತು. ಪ್ರತಿ ಭಾನುವಾರ ಸಂಜೆ ಅಮ್ಮ ಅಪ್ಪನ ಶಿಫ್ಟು, ಅತ್ತೆಯ ಡ್ಯೂಟಿ, ನಮ್ಮ ಶಾಲೆ ಎಲ್ಲವನ್ನೂ ಮನಸ್ಸಿನಲ್ಲೇ ಅಳೆದು ಸುರಿದು ಹೇಳುತ್ತಿದ್ದಳು: ಈ ವಾರ ಸಂಜೆ ಏಳು, ಈ ವಾರ ಬೆಳಿಗ್ಗೆ ಆರು. ಕೆಲವು ವಾರ ಸೂರ್ಯ ಹುಟ್ಟುವ ಮೊದಲೇ ಬಸ್ಸಾರು ಅನ್ನ. ತಟ್ಟೆ ಹಾಕಿ ಬಡಿಸಿ ತೊಳೆಯುವಷ್ಟು ಪುರಸೊತ್ತಿಲ್ಲವಾದ್ದರಿಂದ ಅಮ್ಮ ಕೈತುತ್ತಿಗೆ ಇಳಿದಳು. ಬೋಗುಣಿಯ ತುಂಬ ಬಿಸಿ ಅನ್ನಕ್ಕೆ ಸಾರು ಕಲಸಿ, ನಡುವೆ ತಾನು ಕೂತು, ಸುತ್ತ ನಮ್ಮನ್ನು ಕೂರಿಸಿಕೊಂಡು, ಅಜ್ಜಿಯಿಂದ ಶುರುಮಾಡಿ ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು ಹಾಕುತ್ತಿದ್ದಳು. ತುತ್ತಿನ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಗುಳಿಗೆ ಇನ್ನಷ್ಟು ಬಿಸಿ ಸಾರು. ಅದನ್ನು ಚೆಲ್ಲದೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಂದಿನ ತುತ್ತು ಬಂದಿರುತ್ತಿತ್ತು. ನಿದ್ದೆಗಣ್ಣಿನ ಅಪ್ಪ ತೂಕಡಿಸುತ್ತಲೇ ಕೈ ಚಾಚುತ್ತಿದ್ದ. ಸುರಿ ಅಪ್ಪನ ತೊಡೆಯ ಮೇಲೆ ಕೂತು ಅವನ ಅಂಗೈಯಿಂದಲೇ ಕದಿಯುತ್ತಿದ್ದ. ಮಾಮ ಎನ್ನುವುದು ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ.

ಸುಲಭವಾಗಿ ನಡೆಯಿತು ಎಂದುಕೊಳ್ಳಬೇಡಿ. ಮೊದಲ ಬೆಳಗಿನ ತುತ್ತಿಗೇ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

“ದೇವ್ರಿಗೆ ದೀಪ ಹಚ್ದೆ ಬಾಯಿಗೆ ತುತ್ತಾ? ಯಾವ ಸೀಮೆ ಪದ್ಧತಿ ಇದು?”

“ದೇವ್ರು ಮೂರು ಶಿಫ್ಟಲ್ಲೂ ಮನೇಲೇ ಇರ್ತಾನೆ ಅತ್ತೆ. ನಿಮ್ಮ ಮಗ ಇರಲ್ಲ,” ಎಂದಳು ಅಮ್ಮ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕಾಲ ಬದಲಾದದ್ದು ಆ ಒಂದು ಮಾತಿನಿಂದ. ಅಜ್ಜಿ ನಾಲ್ಕಾರು ದಿನ ಮುನಿಸಿಕೊಂಡಿದ್ದಳು. ಆಮೇಲೆ ಒಂದು ಬೆಳಿಗ್ಗೆ ನಾವೆಲ್ಲ ಏಳುವಷ್ಟರಲ್ಲಿ ಅವಳು ಸ್ನಾನ ಮುಗಿಸಿ ದೀಪ ಹಚ್ಚಿ, ಬೋಗುಣಿಯ ಮುಂದೆ ಮೊದಲನೆಯವಳಾಗಿ ಕೂತಿದ್ದಳು. ತುತ್ತಿಗಾಗಿ ದೀಪದ ಹೊತ್ತನ್ನೇ ಮುಂಚೆಗೆ ಎಳೆದುಕೊಂಡಿದ್ದಳು.

ಅಮ್ಮ ಆ ಹೊತ್ತನ್ನು ಎಲ್ಲಿಂದ ತಂದಳು ಎಂಬುದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಮೊದಲು ಬಾಗಿಲಿಗೆ ಚುಕ್ಕಿ ಇಟ್ಟು ದೊಡ್ಡ ರಂಗೋಲಿ ಹಾಕುತ್ತಿದ್ದವಳು ಎರಡು ಗೆರೆ ಎಳೆದು ಒಳಗೆ ಬರತೊಡಗಿದಳು. ಶುಕ್ರವಾರದ ಭಜನೆಗೆ ಹೋಗುವುದು ಬಿಟ್ಟಳು. ಕಾಲೊನಿಯ ಹೆಂಗಸರೆಲ್ಲ ಸೇರಿ ಹಪ್ಪಳ ಒತ್ತುವ ಮಧ್ಯಾಹ್ನಗಳನ್ನು ಬಿಟ್ಟಳು. ನಮ್ಮ ಯೂನಿಫಾರ್ಮಿಗೆ ಇಸ್ತ್ರಿ ನಿಂತಿತು, ರಾತ್ರಿ ಹಾಸಿಗೆಯ ಕೆಳಗೆ ಮಡಿಸಿಟ್ಟದ್ದೇ ಇಸ್ತ್ರಿ. ಪಕ್ಕದ ಮನೆಯವರು ಸೋಮಾರಿ ಎಂದರು, ಎದುರು ಮನೆಯವರು ಜಂಬ ಎಂದರು. ಎರಡೂ ಕಿವಿಗೆ ಬಿದ್ದರೂ ಅಮ್ಮ ತಿರುಗಿ ನೋಡಲಿಲ್ಲ. ಒಮ್ಮೆ ಸರಿಯಾಗಿ ತುತ್ತಿನ ಹೊತ್ತಿಗೆ ಅಪ್ಪನ ಸೂಪರ್‌ವೈಸರು, ಹಲಸೂರಿನ ಕಡೆಯ ತಮಿಳಿನವರು, ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದರು. ಯಾವುದೋ ಮಷೀನು ಕೆಟ್ಟು ನಿಂತಿದೆ, ಅಪ್ಪ ತಕ್ಷಣ ಬರಬೇಕಂತೆ. ಅಪ್ಪ ಅರ್ಧ ಎದ್ದ.

“ಕೂತ್ಕೊಳ್ಳಿ ನೀವು,” ಎಂದು ಅಪ್ಪನಿಗೆ ಹೇಳಿ ಅಮ್ಮ ಬಾಗಿಲ ಕಡೆ ತಿರುಗಿದಳು. “ಬರ್ತಾರೆ ಸಾರ್. ಊಟ ಆಗ್ಲಿ. ನೀವೂ ಬನ್ನಿ.”

“ಅಯ್ಯೋ, ಅರ್ಜೆಂಟ್‌ಮ್ಮಾ! ಅಲ್ಲಿ ಲೈನೇ ನಿಂತೋಗಿದೆ!”

“ನಿಂತಿದ್ದು ಓಡೋಗಲ್ಲ. ಕೈ ತೊಳ್ಕೊಂಡು ಬನ್ನಿ.”

ಅವರು ಕೈ ತೊಳೆದುಕೊಂಡು ಬಂದರು. ಸುರಿಯ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು. ಹುರುಳಿಕಾಳಿನ ಸಾರು ಅಂದು. ಅವರು ಎಷ್ಟು ತುತ್ತು ತಿಂದರು ಎಂಬುದನ್ನು ಲೀಲತ್ತೆ ಮುಂದೆ ಬಹಳ ವರ್ಷ ಅಭಿನಯಿಸಿ ತೋರಿಸುತ್ತಿದ್ದಳು.

ನಾನು ಪಿಯುಸಿಗೆ ಬಂದ ವರ್ಷ ಅಪ್ಪನ ಸೆಕ್ಷನ್ನಿಗೆ ಸೆಕೆಂಡ್ ಶಿಫ್ಟೇ ಕಾಯಂ ಆಯಿತು. ಮಧ್ಯಾಹ್ನ ಹೋದರೆ ನಾವು ಮಲಗಿದ ಮೇಲೆ ಬರುತ್ತಿದ್ದ. ಲೀಲತ್ತೆಯನ್ನು ಹೊರರೋಗಿಗಳ ವಿಭಾಗಕ್ಕೆ ಹಾಕಿದ್ದರು, ಅವಳು ದಿನವೂ ಬೆಳಿಗ್ಗೆ ಏಳು ಗಂಟೆಯ ಬಸ್ಸು ಹಿಡಿಯಬೇಕು. ಹಾಗಾಗಿ ತುತ್ತಿನ ಹೊತ್ತು ಬೆಳಗಿನ ಆರೂವರೆಗೆ ಬಂದು ನಿಂತಿತು. ಅದೇ ವರ್ಷ ನನಗೆ ಇಂದಿರಾನಗರದ ಗಣಿತದ ಮೇಷ್ಟ್ರೊಬ್ಬರ ಟ್ಯೂಷನ್ನಿನಲ್ಲಿ ಜಾಗ ಸಿಕ್ಕಿತು. ಜಾಗ ಸಿಕ್ಕಿತು ಎಂದರೆ ಸುಮ್ಮನೆ ಅಲ್ಲ. ಅವರ ಬೆಳಗಿನ ಬ್ಯಾಚಿನಲ್ಲಿ ಕೂತವರು ಎಂಜಿನಿಯರಿಂಗಿಗೆ ಹೋಗಿಯೇ ಹೋಗುತ್ತಾರೆ ಎಂಬ ನಂಬಿಕೆ ಇಡೀ ಕಾಲೊನಿಯಲ್ಲಿತ್ತು. ಆ ಬ್ಯಾಚು ಶುರುವಾಗುತ್ತಿದ್ದುದು ಆರು ಗಂಟೆಗೆ. ದೇವರಿಗೂ ಸೂಪರ್‌ವೈಸರಿಗೂ ಜಗ್ಗದ ಅಮ್ಮ ನನ್ನ ಓದಿಗೆ ಜಗ್ಗಿದಳು.

“ಓದು ಮೊದ್ಲು. ನಿನ್ನ ಪಾಲು ಎತ್ತಿಟ್ಟಿರ್ತೀನಿ, ಬಂದು ತಿನ್ನು,” ಎಂದಳು.

ಮೊದಲ ದಿನ ಕತ್ತಲಲ್ಲೇ ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು ಹತ್ತಿದೆ. ಕ್ಲಾಸು ಮುಗಿಸಿ ಮನೆಗೆ ಬರುವಾಗ ಎಂಟೂವರೆ ದಾಟಿತ್ತು. ಅತ್ತೆ ಹೋಗಿದ್ದಳು, ಸುರಿ ಹೋಗಿದ್ದ, ಅಪ್ಪ ಮತ್ತೆ ಮಲಗಿದ್ದ, ಅಜ್ಜಿ ಹೊರಗೆ ಬಿಸಿಲಿಗೆ ಕೂತಿದ್ದಳು. ಅಡುಗೆಮನೆಗೆ ಹೋದರೆ ಅಮ್ಮ ಕಟ್ಟೆಗೆ ಒರಗಿ ನಿಂತಿದ್ದಳು. ಬೋಗುಣಿಯನ್ನು ಎಡಗೈಯಲ್ಲಿ ವಾಲಿಸಿ ಹಿಡಿದು, ಅಂಚಿಗೆ ಅಂಟಿದ್ದ ಅನ್ನವನ್ನು ಬಳಿದು, ಅದಕ್ಕೆ ಮಜ್ಜಿಗೆ ಸುರಿದುಕೊಂಡು ನಿಂತೇ ತಿನ್ನುತ್ತಿದ್ದಳು. ಕಣ್ಣು ನಲ್ಲಿಯ ಕೆಳಗಿನ ಬಿಂದಿಗೆಯ ಮೇಲಿತ್ತು.

“ನೀನಿನ್ನೂ ತಿಂದಿಲ್ವಾ?”

“ತಿಂತಾ ಇದೀನಲ್ಲ.”

“ಅವರ್ ಜೊತೆ ಯಾಕೆ ತಿನ್ಲಿಲ್ಲ?”

ಅಮ್ಮ ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದಳು.

“ಕೊಡೋ ಕೈ ಹೆಂಗೆ ತಿನ್ನುತ್ತೆ? ಎಂಜಲಾಗಲ್ವಾ?”

ನಾನು ಅಲ್ಲೇ ಕೂತುಬಿಟ್ಟೆ. ಸುರಿ ಆಗ ನಾಲ್ಕನೇ ಕ್ಲಾಸಿನಲ್ಲಿದ್ದ. ಅವನು ಅಪ್ಪನನ್ನು ಮಾಮ ಎಂದ ದಿನದಿಂದ ಇಲ್ಲಿಯವರೆಗೆ, ಎಲ್ಲರೂ ಒಟ್ಟಿಗೆ ಊಟ ಮಾಡುವ ಮನೆ ಎಂದು ನಾವು ಹೆಮ್ಮೆ ಪಟ್ಟುಕೊಂಡಷ್ಟೂ ಕಾಲ, ಎಲ್ಲರೂ ಎಂಬ ಆ ಮಾತಿನಲ್ಲಿ ಅಮ್ಮ ಇರಲೇ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯಲ್ಲಿ ಬರೆಸುತ್ತಿದ್ದರು. ನಮ್ಮ ಮನೆಯಲ್ಲಿ ಕೈ ಅಮ್ಮನದು, ಬಾಯಿ ನಮ್ಮದು. ನಾನು ಸುತ್ತಿನಿಂದ ಹೊರಗೆ ಬಿದ್ದ ಮೊದಲ ದಿನವೇ ಅದು ನನ್ನ ಕಣ್ಣಿಗೆ ಬಿತ್ತು, ಒಳಗೆ ಕೂತಿದ್ದಾಗ ಎಂದೂ ಬಿದ್ದಿರಲಿಲ್ಲ. ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಅಂದು ಸಂಜೆ ಲೀಲತ್ತೆ ರಸೆಲ್ ಮಾರುಕಟ್ಟೆಯಿಂದ ತಂದ ಸೊಪ್ಪನ್ನು ಬಿಡಿಸುತ್ತ ಕೂತಿದ್ದಾಗ ಅವಳಿಗೆ ಹೇಳಿದೆ. ಅವಳು ಸೊಪ್ಪು ಕೆಳಗಿಟ್ಟಳು. ಭಾನುವಾರ ತಾನೇ ಬೋಗುಣಿ ಹಿಡಿದು ಕೂತಳು. ಆಸ್ಪತ್ರೆಯ ಕೈ, ಮಾತ್ರೆ ಕೊಟ್ಟಂತೆ ಸಣ್ಣ ಸಣ್ಣ ತುತ್ತು. ಅಮ್ಮ ಎರಡು ನಿಮಿಷ ಗೋಡೆಗೊರಗಿ ಕೂತಿದ್ದಳೋ ಇಲ್ಲವೋ, “ಬಿಡು ಲೀಲಾ, ಮಕ್ಕಳಿಗೆ ಹೊಟ್ಟೆ ತುಂಬಲ್ಲ” ಎಂದು ಬೋಗುಣಿ ಕಿತ್ತುಕೊಂಡಳು. ಲೀಲತ್ತೆ ಮೆತ್ತಗಿನವಳು, ಬಿಟ್ಟುಕೊಟ್ಟಳು. ಅಜ್ಜಿಯ ಬೆರಳುಗಳು ಸೊಟ್ಟಗಾಗಿದ್ದವು. ಅಪ್ಪನಿಗೆ ಇದರ ನಡುವೆ ಬರಲು ಧೈರ್ಯವಿರಲಿಲ್ಲ. ಅಮ್ಮನ ಹಠಕ್ಕೆ ಎದುರು ನಿಲ್ಲಲು ಅಂಥದ್ದೇ ಹಠ ಬೇಕು, ಅದು ಮನೆಯಲ್ಲಿ ಇದ್ದದ್ದು ನನ್ನೊಬ್ಬಳಲ್ಲಿ. ಒಂದು ಭಾನುವಾರಕ್ಕೆ ಆಗುವ ಕೆಲಸವೂ ಅದಾಗಿರಲಿಲ್ಲ. ದಿನವೂ ಬೆಳಿಗ್ಗೆ ಆರೂವರೆಗೆ ನಾನು ಮನೆಯಲ್ಲಿರಬೇಕಿತ್ತು. ಸೋಮವಾರ ಕ್ಲಾಸು ಮುಗಿದ ಮೇಲೆ ಮೇಷ್ಟ್ರ ಮುಂದೆ ನಿಂತು, ನನ್ನನ್ನು ಸಂಜೆಯ ಬ್ಯಾಚಿಗೆ ಹಾಕಿ ಎಂದೆ.

“ಅದು ಪಾಸಾದ್ರೆ ಸಾಕು ಅನ್ನೋರ ಬ್ಯಾಚ್ ಕಣಮ್ಮ. ಗೊತ್ತು ತಾನೆ?”

“ಗೊತ್ತು ಸಾರ್.”

“ಮನೇಲೇನಾದ್ರೂ ಪ್ರಾಬ್ಲಮ್ಮಾ?”

“ಇಲ್ಲ ಸಾರ್. ಊಟ ಬಡಿಸ್ಬೇಕು.”

“ಬೆಳಗ್ಗೆ ಬೆಳಗ್ಗೆನಾ?”

ಹಿಂದೆ ಚೀಲ ತುಂಬಿಕೊಳ್ಳುತ್ತಿದ್ದ ಹುಡುಗರು ನಕ್ಕರು. ನಗಲಿ ಎಂದು ನಿಂತೇ ಇದ್ದೆ. ಈ ಬ್ಯಾಚಿನ ಜಾಗ ಒಮ್ಮೆ ಬಿಟ್ಟರೆ ಮತ್ತೆ ಸಿಗಲ್ಲ ಎಂದರು ಮೇಷ್ಟ್ರು. ಅವರು ಸುಳ್ಳು ಹೇಳಲಿಲ್ಲ, ಸಿಗಲಿಲ್ಲ. ಗಣಿತದಲ್ಲಿ ನಾನು ಪಾಸಾದೆ, ಅಷ್ಟೇ. ಎಂಜಿನಿಯರಿಂಗಿನ ಬಾಗಿಲು ನನಗೆ ತೆರೆಯಲಿಲ್ಲ. ಅಮ್ಮ ಕೊನೆಯವರೆಗೂ ನೆಂಟರ ಮುಂದೆ “ನಮ್ಮ ನಾಗು ದಡ್ಡರ ಬ್ಯಾಚಿನವಳು” ಎಂದು ಚುಚ್ಚುವುದನ್ನು ಬಿಡಲಿಲ್ಲ. ಕಳೆದುಕೊಂಡದ್ದು ನಿಜ, ಚಿಕ್ಕದೇನೂ ಅಲ್ಲ. ಒಂದನ್ನು ಮುಂದಿಟ್ಟರೆ ಇನ್ನೊಂದು ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದಕ್ಕೆ ಬೆಲೆಯೇ ಇರಲಿಲ್ಲ ಎಂದು ಆಮೇಲೆ ಹೇಳಿಕೊಂಡು ತಿರುಗುವುದು ನನಗೆ ಹಿಡಿಸುವುದಿಲ್ಲ. ಬೆಲೆ ಇತ್ತು. ಗೊತ್ತಿದ್ದೇ ಬಿಟ್ಟೆ.

ಆ ಸೋಮವಾರ ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ ಸೌಟನ್ನು ಎತ್ತಿದಳು. ಹೊಡೆಯಲಿಲ್ಲ.

“ಯಾರೇ ಕೇಳಿದ್ರು ನಿನ್ನನ್ನ? ನಾನು ಇಷ್ಟೆಲ್ಲ ಮಾಡಿದ್ದು ಯಾತಕ್ಕೆ? ನೀವು ಓದ್ಲಿ ಅಂತ ತಾನೆ?”

“ಈ ತುತ್ತು ಶುರು ಮಾಡು ಅಂತ ನಿನ್ನನ್ನ ಯಾರು ಕೇಳಿದ್ರು?”

ಅಮ್ಮ ಸೌಟನ್ನು ಪಾತ್ರೆಯೊಳಗೆ ಎಸೆದು ಹಿತ್ತಿಲಿಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಎದ್ದು, ಅನ್ನ ಮಾಡಿ, ಸಾರು ಕುದಿಸಿ, ಬೋಗುಣಿಯನ್ನು ನಡುಮನೆಯಲ್ಲಿ ದಡ್ಡನೆ ಇಟ್ಟು, ಬಟ್ಟೆಯ ಬುಟ್ಟಿ ಎತ್ತಿಕೊಂಡು ಕಲ್ಲಿನ ಹತ್ತಿರ ಹೋದಳು. ನಾನು ಬೋಗುಣಿಯ ಹಿಂದೆ ಕೂತು ಅನ್ನ ಕಲಸಿದೆ. ಎಲ್ಲರೂ ಬಂದು ಕೂತರು.

“ಅಮ್ಮ ಬಂದು ಕೂತ್ಕೊಳ್ಳೋವರ್ಗೂ ಯಾರಿಗೂ ತುತ್ತಿಲ್ಲ,” ಎಂದೆ.

ಹಿತ್ತಿಲಿನಿಂದ ಬಟ್ಟೆ ಬಡಿಯುವ ಸದ್ದು ಜೋರಾಯಿತು. ಲೀಲತ್ತೆ ಗಡಿಯಾರ ನೋಡಿಕೊಂಡಳು, ಎದ್ದಳು, ಬರಿಹೊಟ್ಟೆಯಲ್ಲೇ ಬಸ್ಸಿಗೆ ಓಡಿದಳು. ಸುರಿ ಎರಡು ಬಾಳೆಹಣ್ಣು ತಿಂದು ಶಾಲೆಗೆ ಹೋದ. ಅಪ್ಪ “ಏನೇ ನಾಗೂ ಇದು” ಎಂದಷ್ಟೇ ಹೇಳಿ ಒಳಕೋಣೆಗೆ ಹೋದ. ಬೋಗುಣಿಯ ಅನ್ನ ತಣ್ಣಗಾಯಿತು. ಅಂದು ಇಡೀ ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಎರಡನೆಯ ಬೆಳಿಗ್ಗೆ ಅದೇ ಬೋಗುಣಿ, ಅದೇ ಬಟ್ಟೆಯ ಸದ್ದು. ಒಗೆಯಲು ಅಷ್ಟೊಂದು ಬಟ್ಟೆ ಇರಲಿಲ್ಲ, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಹೆದರಿಕೆಯೂ ಆಗಿತ್ತು. ಮನೆಯನ್ನು ಇಷ್ಟು ವರ್ಷ ಒಟ್ಟಿಗೆ ಹಿಡಿದ ಒಂದೇ ಒಂದು ವಸ್ತುವನ್ನು ನಾನೇ ಒಡೆಯುತ್ತಿದ್ದೇನೆಯೇ ಎಂದು. ಆದರೂ ಕೈಯನ್ನು ಬೋಗುಣಿಯಲ್ಲಿಟ್ಟು ಕೂತೇ ಇದ್ದೆ.

ಆಗ ಅಜ್ಜಿ ಗೋಡೆ ಹಿಡಿದು ಎದ್ದಳು. ಮೆಲ್ಲಗೆ ಹಿತ್ತಿಲಿಗೆ ಹೋಗಿ ನಲ್ಲಿ ನಿಲ್ಲಿಸಿದಳು. ಬಟ್ಟೆಯ ಸದ್ದೂ ನಿಂತಿತು.

“ಬಾರೇ ಒಳಗೆ. ನನ್ನ ಮಗ ಉಪವಾಸ ಡ್ಯೂಟಿಗೆ ಹೋಗೋದನ್ನ ನಾನು ನೋಡಲ್ಲ.”

“ನೀವು ತಿನ್ನಿ ಅತ್ತೆ. ನಾನೇನು ಬೇಡ ಅಂದ್ನಾ?”

“ದೀಪದ ಹೊತ್ತು ಬದಲಾಯ್ಸು ಅಂದಾಗ ನಾನು ಬದಲಾಯಿಸ್ಲಿಲ್ವಾ? ಈಗ ನಿನ್ನ ಸರದಿ. ಬಾ.”

ಅಜ್ಜಿಯ ಹಿಂದೆ ಅಮ್ಮ ಬಂದಳು. ಮೊಣಕೈವರೆಗೂ ಒದ್ದೆ. ಅಪ್ಪ ಸರಿದು ಜಾಗ ಬಿಟ್ಟ. ಅವಳು ಅಪ್ಪನಿಗೂ ಲೀಲತ್ತೆಗೂ ನಡುವೆ ಕೂತಳು. ಸುತ್ತಿನಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ತುತ್ತು ಮಾಡಿ, ಗುಳಿ ಒತ್ತಿ, ಸಾರು ಬಿಟ್ಟು, ಅವಳ ಮುಂದೆ ಹಿಡಿದೆ. ಅವಳ ಎರಡೂ ಕೈ ಮಡಿಲಲ್ಲೇ ಇದ್ದವು.

“ಮೊದ್ಲು ಅಜ್ಜಿಗೆ ಕೊಡು.”

“ನನ್ನದು ನಿನಗೆ ಬಿಟ್ಕೊಟ್ಟೆ,” ಎಂದಳು ಅಜ್ಜಿ. “ಹುಡುಗಿ ಕೈ ಸೋಲ್ತಿದೆ, ತಗೋಳೇ.”

ಯಾರೂ ಅಲ್ಲಾಡಲಿಲ್ಲ. ಲೀಲತ್ತೆ ಗಡಿಯಾರ ನೋಡಲಿಲ್ಲ. ಸಾರು ನನ್ನ ಬೆರಳ ಸಂದಿಯಿಂದ ಇಳಿದು ಮಣಿಕಟ್ಟಿನವರೆಗೂ ಬಂತು. ಆಮೇಲೆ ಅಮ್ಮ ಬಲಗೈ ಚಾಚಿದಳು. ಸೋಪಿನ ನೀರಿಗೆ ಸುಕ್ಕುಗಟ್ಟಿ ಬೆಳ್ಳಗಾದ ಅಂಗೈ ಅದು. ತುತ್ತನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು, ನುಂಗಿದಳು, ಅಜ್ಜಿಯ ಕಡೆ ತಿರುಗಿದಳು.

“ನಮ್ಮನೆ ಸಾರು ಬಿಸಿಯಾಗಿದ್ದಾಗ ಹಿಂಗಿರುತ್ತಾ ಅತ್ತೆ?”

“ದಿನಾ ಹಿಂಗೇ ಇರುತ್ತೆ ಕಣೇ.”

ಅಮ್ಮ ತಲೆ ತಗ್ಗಿಸಿದಳು. ನನ್ನ ಮುಖ ನೋಡದೆಯೇ ಕೈಯನ್ನು ಮತ್ತೆ ಚಾಚಿದಳು.

“ಇನ್ನೊಂದು ಹಾಕು,” ಎಂದಳು. “ಗುಳಿ ಸ್ವಲ್ಪ ದೊಡ್ಡದಾಗಿರ್ಲಿ.”